ಐಲಿ ಕಾಂಗಸ್: ಕೈ ನೋಡಿ ಪಿಸ್ತೂಲು ಕೊಟ್ಟವರು

ಅಮೆರಿಕದ ಸುಪೀರಿಯರ್ ಸರೋವರದ ದಕ್ಷಿಣ ದಡದ ನಮ್ಮ ತಾಮ್ರಗಣಿಯ ಊರುಗಳಲ್ಲಿ ಪಿಸ್ತೂಲಿನ ಗುರಿಗಾರಿಕೆಯ ಮಾತು ಬಂದರೆ, ಪದಕ ಗೆದ್ದವರಿಗಿಂತ ಮೊದಲು ಜನರ ನಾಲಿಗೆಯ ಮೇಲೆ ಬರುವುದು ಶ್ರೀಮತಿ ಐಲಿ ಕಾಂಗಸ್ ಅವರ ಹೆಸರು. ಮಟ್ಟಿಲಾ ಹಾರ್ಡ್‌ವೇರ್ ಅಂಗಡಿಯ ಬಂದೂಕಿನ ಕೌಂಟರಿನ ಹಿಂದೆ ಮೂರು ದಶಕಗಳಿಗೂ ಮೀರಿ ನಿಂತು, ಚಳಿಗಾಲದ ಸಂಜೆಗಳನ್ನು ನಮ್ಮ ಗುರಿಗಾರರ ಕ್ಲಬ್ಬಿನ ನೆಲಮಾಳಿಗೆಯಲ್ಲಿರುವ ಗುಂಡು ಹೊಡೆಯುವ ರೇಂಜಿನಲ್ಲಿ ಕಳೆದು, ಸೀಮೆಯ ಗಣಿಗಾರ, ಮರಕಟುಕ, ಶಾಲಾಮಾಸ್ತರರೆಲ್ಲರ ಕೈಗೂ ಒಪ್ಪುವ ಪಿಸ್ತೂಲನ್ನು ಹುಡುಕಿಕೊಟ್ಟ ಈ ಮಹನೀಯರು ಈಗ ಕೌಂಟರಿನಿಂದ ನಿವೃತ್ತರಾಗುತ್ತಿದ್ದಾರೆ. ಅವರಿಗಾಗಿ ಕ್ಲಬ್ಬು ಹೊರತರುತ್ತಿರುವ ಈ ಸಂಪುಟದಲ್ಲಿ ನನ್ನಂಥ ಹಿಮ ತೆಗೆಯುವ ಲಾರಿಯ ಚಾಲಕನಿಗೂ ಜಾಗ ಸಿಕ್ಕಿದ್ದು ನನ್ನ ಭಾಗ್ಯ.

ಐಲಿಯವರ ವಿಶೇಷ ಒಲವು ಪಾಯಿಂಟ್ ಟೂ-ಟೂ ಎಂದು ಎಲ್ಲರೂ ಕರೆಯುವ ಸಣ್ಣ ಪಿಸ್ತೂಲುಗಳ ಮೇಲೆ. ತೋಟಾ ಕಿರುಬೆರಳಿನ ತುದಿಯಷ್ಟಿದ್ದು, ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು. ಕಾಗದದ ಗುರಿಗೂ ಸೈ, ಬೇಲಿಯ ಮೇಲಿಟ್ಟ ಖಾಲಿ ಡಬ್ಬ ಉರುಳಿಸುವ ಮೋಜಿಗೂ ಸೈ. ಇಷ್ಟು ಸಣ್ಣ ವಸ್ತುವಿನ ಆಯ್ಕೆಯಲ್ಲಿ ಅಂಥದ್ದೇನಿದೆ ಎಂದುಕೊಂಡು ಬಂದವರಿಗೆ ಐಲಿಯವರು ಮೊದಲು ಹೇಳುತ್ತಿದ್ದ ಮಾತು, "ನಿನ್ನ ಕೈ ತೋರ್ಸು." ಅಂಗೈಯನ್ನು ತಮ್ಮ ಅಂಗೈಯ ಮೇಲಿಟ್ಟುಕೊಂಡು ಬೆರಳಿನ ಉದ್ದ ನೋಡುತ್ತಿದ್ದರು, ಎಲ್ಲಿ ನೋವಿದೆ ಎಂದು ಒತ್ತಿ ಕೇಳುತ್ತಿದ್ದರು. ಪಿಯಾನೋ ಕಲಿಸುತ್ತಿದ್ದ ಬರ್ನೀಸ್ ಅವರಿಗೆ ಹೆಬ್ಬೆರಳಿನ ಸಂಧಿವಾತವಿರುವುದು ಹೀಗೆಯೇ ಗೊತ್ತಾಯಿತು. ಬಿಗಿ ಸ್ಪ್ರಿಂಗಿನ ಮ್ಯಾಗಜೀನಿಗೆ ಗುಂಡು ತುರುಕುವುದು ಅವರಿಂದಾಗದೆಂದು, ದುಬಾರಿ ಪಿಸ್ತೂಲನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಗುಂಡನ್ನು ಸಲೀಸಾಗಿ ಇಳಿಸಬಹುದಾದ ಹಳೆಯ ರಿವಾಲ್ವರನ್ನು ಐಲಿಯವರು ಅವರ ಕೈಗಿತ್ತರು.

ಮರಕಟುಕ ಕ್ಲಾರೆನ್ಸ್ ರುವೋನಾ ಬಂದ ದಿನ ನಾನು ಮೊಳೆ ಕೊಳ್ಳಲು ಅಲ್ಲೇ ನಿಂತಿದ್ದೆ. ಆತನ ಕೈ ಒಲೆಯ ಮುಚ್ಚಳದಷ್ಟು ಅಗಲ.

"ನನ್ನಂಥೋನು ಟೂ-ಟೂ ಹಿಡ್ಕೊಂಡ್ರೆ ಅಳಿಲೂ ನಗ್ತವೆ ಐಲಿ," ಎಂದ.

"ನಗ್ಲಿ ಬಿಡು ಮಾರಾಯ. ದೊಡ್ಡ ಪಿಸ್ತೂಲು ಹಿಡಿದು ನೀನು ಕಣ್ಣು ಮುಚ್ಕೊಳ್ಳೋದು ಕಂಡ್ರೆ ಇನ್ನೂ ಜೋರಾಗಿ ನಗ್ತವೆ."

"ನಾನ್ಯಾವತ್ತು ಕಣ್ಣು ಮುಚ್ಚಿದ್ದೀನಿ?"

ಐಲಿಯವರು ವಾದಕ್ಕಿಳಿಯಲಿಲ್ಲ. ಆತನನ್ನು ರೇಂಜಿಗೆ ಕರೆದುಕೊಂಡು ಹೋಗಿ, ಆತನದೇ ದೊಡ್ಡ ಪಿಸ್ತೂಲಿನಲ್ಲಿ ಗುಂಡುಗಳ ನಡುವೆ ಮದ್ದಿಲ್ಲದ ತೋಟಾ ಒಂದನ್ನು ಹೇಳದೆ ಸೇರಿಸಿಟ್ಟರಂತೆ. ಅದು ಸಿಡಿಯಲಿಲ್ಲ, ಆದರೂ ಸಿಡಿಯುತ್ತದೆಂಬ ಅಂಜಿಕೆಗೆ ಕ್ಲಾರೆನ್ಸನ ಕಣ್ಣು ಮುಚ್ಚಿ, ಮಣಿಕಟ್ಟು ತಾನೇ ಕುಸಿದು ನಳಿಗೆ ನೆಲ ನೋಡಿತು. ಮರುದಿನ ಆತ ಟೂ-ಟೂ ಕೊಂಡ. ಈಗಲೂ ಅದರಲ್ಲೇ ಹೊಡೆಯುತ್ತಾನೆ, ಅಳಿಲುಗಳ ಮಾತೆತ್ತುವುದಿಲ್ಲ.

ಇನ್ನು ನನ್ನ ಸಂಗತಿ. ಅದನ್ನು ಬಿಟ್ಟು ಐಲಿಯವರ ಬಗ್ಗೆ ಬರೆದರೆ ಅರ್ಧ ಬರೆದಂತೆ.

ಹನ್ನೆರಡು ವರ್ಷಗಳ ಹಿಂದಿನ ಶರತ್ಕಾಲದಲ್ಲಿ ನನ್ನ ಹೆಂಡತಿ ನೊರೀನ್ ತೀರಿಕೊಂಡಳು. ಆ ಚಳಿಗಾಲವೆಲ್ಲ ನಾನು ಲಾರಿ ಓಡಿಸಿದೆ, ರಸ್ತೆ ತೆರವು ಮಾಡಿದೆ, ಮನೆಗೆ ಬಂದು ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಟ್ಟಿಲಾ ಅಂಗಡಿಗೆ ಹೋಗಿ, ಪಿಸ್ತೂಲು ಬೇಕು ಎಂದೆ.

"ಕೂತ್ಕೋ ರಸೆಲ್. ಕಾಗದಕ್ಕೆ ಹೊಡೆಯೋಕೋ, ಡಬ್ಬಕ್ಕೋ?"

"ಯಾವುದಾದ್ರೂ ಸರಿ."

"ನಳಿಗೆ ಉದ್ದ ಇರ್ಲಾ, ಗಿಡ್ಡ ಇರ್ಲಾ? ಭಾರದ್ದು ಬೇಕಾ?"

"ಯಾವುದಾದ್ರೂ ಸರಿ. ಆ ಗಾಜಿನ ಮೇಲಿರೋದೇ ಕೊಡಿ."

"ಎತ್ತಿ ನೋಡಲ್ವಾ?"

"ಬೇಡ."

ಐಲಿಯವರು ಗಾಜಿನ ಮೇಲಿದ್ದ ಪಿಸ್ತೂಲನ್ನು ತೆಗೆದು ಒಳಗಿಟ್ಟು ಬೀಗ ಹಾಕಿದರು. ಕೌಂಟರಿನ ಈಚೆಗೆ ಬಂದು ನನ್ನ ಎದುರಿಗೆ ನಿಂತರು.

"ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಪ್ರಾಣ ಕಳ್ಕೊಳ್ಳೋ ಯೋಚನೆಯಲ್ಲಿ ಬಂದಿದ್ದೀಯಾ?"

ನನಗೆ ಸಿಟ್ಟು ಬಂತು. "ಮಾರೋದು ನಿಮ್ಮ ಕೆಲಸ," ಎಂದೆ.

"ಹೌದು. ಇವತ್ತು ನಿನಗೆ ಮಾರಲ್ಲ."

"ಬೇರೆ ಅಂಗಡಿ ಇದೆ."

"ಇದೆ. ಅದಕ್ಕೂ ಮುಂಚೆ ನನ್ನ ಪ್ರಶ್ನೆಗೆ ಉತ್ತರ ಹೇಳು. ನಾನೆಲ್ಲಿಗೂ ಹೋಗಲ್ಲ, ಇಲ್ಲೇ ನಿಂತಿರ್ತೀನಿ."

ಬಣ್ಣದ ಡಬ್ಬಿಗೆಂದು ಬಂದ ಗಿರಾಕಿಯೊಬ್ಬನನ್ನು ಕೈಸನ್ನೆಯಲ್ಲೇ ಹೊರಗೆ ಕಳಿಸಿದರು. ಕೊನೆಗೆ ನಾನು ಹೌದೆಂದೆ. ಅಷ್ಟು ತಿಂಗಳು ಯಾರೂ ಕೇಳದಿದ್ದ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿದಾಗ ಅಲ್ಲೇ ಉಪ್ಪಿನ ಮೂಟೆಗಳ ಮೇಲೆ ಕೂತುಬಿಟ್ಟೆ. ಐಲಿಯವರು ಪಕ್ಕದ ಊರಿನಲ್ಲಿದ್ದ ನನ್ನ ತಂಗಿ ಡೋರೀನಳಿಗೆ ಫೋನು ಮಾಡಿದರು. ಅವಳು ಬರುವವರೆಗೆ ನನ್ನ ಪಕ್ಕದ ಮೂಟೆಯ ಮೇಲೆ ಕೂತು, ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ಬ್ರೆಡ್ಡನ್ನು ಮುರಿದು ಮುರಿದು ಕೊಟ್ಟರು. ನನ್ನ ಮನೆಯಲ್ಲಿದ್ದ ಬೇಟೆಯ ಬಂದೂಕುಗಳನ್ನು ಡೋರೀನ್ ಅಂದೇ ತನ್ನ ಮನೆಗೆ ಸಾಗಿಸಿದಳು. ಮರುದಿನ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆಮೇಲಿನ ತಿಂಗಳುಗಳು ನಿಧಾನವಾಗಿ ಸಾಗಿದವು. ಭಾನುವಾರಗಳಂದು ಐಲಿಯವರ ಫೋನು ಬರುತ್ತಿತ್ತು. ಊಟ ಏನು, ರಸ್ತೆಯಲ್ಲಿ ಹಿಮ ಎಷ್ಟು ಎಂದು ಕೇಳುತ್ತಿದ್ದರೇ ಹೊರತು ಉಪದೇಶ ಮಾಡಿದವರಲ್ಲ.

ಮರುವರ್ಷದ ಬೇಸಿಗೆಯಲ್ಲಿ, ಡಾಕ್ಟರೂ ಡೋರೀನಳೂ ಒಪ್ಪಿದ ಮೇಲೆ, ಕ್ಲಬ್ಬಿನ ಬಯಲಿನಲ್ಲಿ ಡಬ್ಬ ಜೋಡಿಸಲು ಬಾ ಎಂದು ಕರೆದರು. ನಾನು ಹೋಗಿ ಜೋಡಿಸುತ್ತಿದ್ದೆ, ಬಿದ್ದದ್ದನ್ನು ಹೆಕ್ಕುತ್ತಿದ್ದೆ. ಪಿಸ್ತೂಲು ಮುಟ್ಟುತ್ತಿರಲಿಲ್ಲ, ಅವರೂ ಮುಟ್ಟು ಎನ್ನುತ್ತಿರಲಿಲ್ಲ. ಒಂದು ಶನಿವಾರ ಕ್ಲಾರೆನ್ಸನ ಪಿಸ್ತೂಲಿನಲ್ಲಿ ಗುಂಡು ಪದೇ ಪದೇ ಸಿಕ್ಕಿಕೊಳ್ಳತೊಡಗಿತು. ಬೇರೆ ಪೆಟ್ಟಿಗೆಯ ಗುಂಡು ಹಾಕಿದರೆ ಸರಾಗವಾಗಿ ಹಾರುತ್ತಿತ್ತು. ನೋಡುತ್ತ ನೋಡುತ್ತ ನನಗೇ ಅರಿವಿಲ್ಲದೆ ಕೇಳಿದೆ:

"ಅದೇ ಪಿಸ್ತೂಲು, ಅದೇ ಕೈ. ಆ ಪೆಟ್ಟಿಗೇದು ಸಿಕ್ಕಾಕ್ಕೊಳ್ಳುತ್ತೆ, ಇದು ಯಾಕಿಲ್ಲ?"

ಐಲಿಯವರು ಹೊರಳಿ ನೋಡಿದರು. "ಏನಂದೆ? ಇನ್ನೊಂದ್ಸಲ ಕೇಳು."

ಇನ್ನೊಮ್ಮೆ ಕೇಳಿದೆ. ಅವರು ತಮ್ಮ ಪಿಕಪ್ ಲಾರಿಯ ಹಿಂಬದಿಯ ಹಲಗೆ ಇಳಿಸಿ, ಪಿಸ್ತೂಲನ್ನು ಬಿಚ್ಚಿ ಭಾಗಗಳನ್ನು ಹರಡಿದರು. ಈ ಪುಟ್ಟ ತೋಟಾದಲ್ಲಿ ಮದ್ದು ಸ್ವಲ್ಪವೇ ಇರುವುದರಿಂದ, ಅದರ ನೂಕಿನಲ್ಲಿ ಚೂರು ಹೆಚ್ಚುಕಡಿಮೆಯಾದರೂ ಪಿಸ್ತೂಲು ಮುನಿಯುತ್ತದೆಂದೂ, ಪ್ರತಿ ಪಿಸ್ತೂಲಿಗೂ ತನ್ನದೇ ರುಚಿಯಿದ್ದು ಅದನ್ನು ತಿನ್ನಿಸಿ ನೋಡಿಯೇ ಕಂಡುಕೊಳ್ಳಬೇಕೆಂದೂ ತೋರಿಸಿಕೊಟ್ಟರು. ಕ್ಲಾರೆನ್ಸ್ ತನ್ನ ಪಿಸ್ತೂಲು ವಾಪಸು ಸಿಕ್ಕೀತೇ ಎಂದು ಗೊಣಗುತ್ತ, ಮಾಂಸದ ಕಡುಬಿನಂಥ ಪಾಸ್ಟಿ ತಿಂದು ಮುಗಿಸಿದ.

ಆ ಚಳಿಗಾಲ ನೆಲಮಾಳಿಗೆಯ ರೇಂಜಿನಲ್ಲಿ, ಅವರು ಪಕ್ಕದಲ್ಲಿ ನಿಂತಿರುವಾಗ, ಕ್ಲಬ್ಬಿನ ಪಿಸ್ತೂಲುಗಳಲ್ಲೆಲ್ಲ ಹೊಡೆದು ನೋಡಿದೆ. "ಕಣ್ಣು ಮುಚ್ಚಿ ಎತ್ತು. ಈಗ ಕಣ್ಣು ಬಿಡು. ಮೊನೆ ಎಲ್ಲಿದೆ?" ಎನ್ನುತ್ತಿದ್ದರು. ಒಂದರ ಮೊನೆ ಚಾವಣಿ ನೋಡುತ್ತಿತ್ತು. ಅದರ ಹಿಡಿಯ ಬಾಗು ನನ್ನ ಮಣಿಕಟ್ಟಿಗೆ ಒಗ್ಗುತ್ತಿರಲಿಲ್ಲ. ಸಪೂರ ನಳಿಗೆಯದು ಡಬ್ಬದಿಂದ ಡಬ್ಬಕ್ಕೆ ಚುರುಕಾಗಿ ಹೊರಳುತ್ತಿತ್ತು, ಕಾಗದದ ಮುಂದೆ ನಡುಗುತ್ತಿತ್ತು. ದಪ್ಪ ನಳಿಗೆಯದು ಬಂಡೆಯಂತೆ ನಿಲ್ಲುತ್ತಿತ್ತು, ತುಸು ಹೊತ್ತಿಗೆಲ್ಲ ತೋಳು ಸೋಲುತ್ತಿತ್ತು. ಮನೆಗೆ ಹೋಗಿ ಮಲಗಿದಾಗಲೂ ನಾಳೆ ಯಾವುದನ್ನು ಎತ್ತಿ ನೋಡಲಿ ಎಂದು ಯೋಚಿಸುತ್ತಿದ್ದೆ. ನಾಳೆ ಎಂಬ ಮಾತು ನನ್ನ ಬಾಯಲ್ಲಿ ಮತ್ತೆ ಸುಳಿದದ್ದನ್ನು ಗಮನಿಸಿದವಳು ಡೋರೀನ್.

ವಸಂತ ಬಂದಾಗ ನಡುತೂಕದ, ಕಪ್ಪು ಮಾಸಿದ ಒಂದು ಪಿಸ್ತೂಲನ್ನು ಆರಿಸಿಕೊಂಡೆ. ಐಲಿಯವರು ಅದನ್ನು ಮಾರಿದರು, ಒಂದು ಷರತ್ತಿನ ಮೇಲೆ.

"ಇದು ಕ್ಲಬ್ಬಿನ ಕಬ್ಬಿಣದ ಪೆಟ್ಟಿಗೇಲಿರುತ್ತೆ. ಬೀಗದಕೈ ನನ್ನ ಹತ್ರ."

"ಎಲ್ಲೀವರೆಗೆ?"

"ನಾನಿರೋವರೆಗೆ. ಆಮೇಲೆ ಡೋರೀನ್ ಹತ್ರ."

ಒಪ್ಪಿದೆ. ಇವತ್ತಿಗೂ ಹಾಗೆಯೇ ನಡೆದಿದೆ.

ಆ ಮಾರ್ಚಿನ ದಿನ ನಿಮಗೆ ಹೇಗೆ ಗೊತ್ತಾಯಿತು ಎಂದು ಒಮ್ಮೆ ಕೇಳಿದ್ದೆ. "ಗೊತ್ತಾಗ್ಲಿಲ್ಲ," ಎಂದರು. "ಪಿಸ್ತೂಲು ಕೊಳ್ಳೋಕೆ ಬಂದೋರು ತಲೆ ತಿಂತಾರೆ. ನೀನು ಒಂದೂ ಪ್ರಶ್ನೆ ಕೇಳ್ಲಿಲ್ಲ. ನಿನಗಿಂತ ಎಷ್ಟೋ ವರ್ಷ ಮುಂಚೆ ಇನ್ನೊಬ್ಬರೂ ಹಂಗೇ ಬಂದಿದ್ರು. ಅವತ್ತು ನಾನು ಕಟ್ಟಿಕೊಟ್ಟು ಕಳಿಸಿದ್ದೆ." ಅಷ್ಟು ಹೇಳಿ ಗಾಜು ಒರೆಸತೊಡಗಿದರು.

ಈ ಲೇಖನದಲ್ಲಿ ಇದನ್ನೆಲ್ಲ ಬರೆಯಲೇ ಎಂದು ಹೋದ ತಿಂಗಳು ಅವರಲ್ಲಿ ವಿಚಾರಿಸಿದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ ಅವರು, ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡೇ, ಇನ್ನು ಎಡಗಣ್ಣಿನಲ್ಲಿ ಗುರಿಯಿಡಲು ಕಲಿತರೆ ಹೇಗಿರುತ್ತದೋ ನೋಡಬೇಕು ಎನ್ನುತ್ತಿದ್ದರು. "ನಿನ್ನ ಕತೆ, ನಿನಗೆ ಬಿಟ್ಟಿದ್ದು," ಎಂದರು. "ಬರೆಯೋದಾದ್ರೆ ಹೆಸರು ಹಾಕಿ ಬರಿ. ಓದಿದೋರು ಯಾರಾದ್ರೂ ಮಾತಾಡ್ಬೇಕು ಅಂತ ಹುಡುಕಿದ್ರೆ, ನೀನು ಸಿಗಬೇಕಲ್ಲ."

ಐಲಿ ಕಾಂಗಸ್ ಅವರ ಎರಡೂ ಕಣ್ಣುಗಳು ಬೇಗ ತಿಳಿಯಾಗಲಿ. ಕೌಂಟರಿನ ದುಡಿಮೆಯಿಂದ ಬಿಡುಗಡೆಗೊಂಡ ಆ ದೇಹಕ್ಕೆ ವಿಶ್ರಾಂತಿಯೂ, ಆ ಬುದ್ಧಿಗೆ ಎಂದಿನ ಬಿಡುವಿಲ್ಲದ ಕುತೂಹಲವೂ ದೊರೆಯಲಿ. ಇನ್ನೂ ಅನೇಕ ಚಳಿಗಾಲಗಳು ಅವರು ನಮ್ಮ ನಡುವೆ ನಿಂತು, ನಮ್ಮ ತಪ್ಪುಗಳನ್ನು ತಿದ್ದುತ್ತ, ತುಂಬು ಬಾಳು ಬಾಳಲಿ ಎಂದು ಹಾರೈಸುತ್ತೇನೆ. ನನ್ನ ಹೆಸರು ರಸೆಲ್ ಟ್ರೆಂಬಾತ್. ಗುರುವಾರ ಸಂಜೆ ಕ್ಲಬ್ಬಿನ ನೆಲಮಾಳಿಗೆಯಲ್ಲಿ ಇರುತ್ತೇನೆ. ಬಾಗಿಲು ತಟ್ಟಬೇಕಿಲ್ಲ, ಒಳಗೆ ಬನ್ನಿ.