ಅಲಕಾಪುರಿಯ ಮಾವಿನ ರಸ

ಹಣ್ಣು ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಯಾವ ಹಣ್ಣು, ಯಾವಾಗ, ಎಷ್ಟು ಎಂಬುದು ಮಾತ್ರ ಈವರೆಗೂ ಗೊತ್ತಾಗಿಲ್ಲ. ಗುಜರಾತಿನಲ್ಲಿ ನಾವಿರುವ ವಸ್ತ್ರಾಪುರದ ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಹಣ್ಣು ಬೇಡ ಅನ್ನುತ್ತಾರೆ. ಪಕ್ಕದ ಫ್ಲಾಟಿನವರು ಖಾಲಿ ಹೊಟ್ಟೆಯಲ್ಲೇ ತಿನ್ನಬೇಕು ಅನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಿ ನೋಡಿದ್ದೇನೆ, ಎರಡು ಸಲವೂ ಹೊಟ್ಟೆ ಕೈಕೊಟ್ಟಿದೆ. ಮಾವು ಒಂದೆರಡು ಚಮಚ ಹೇಗೋ ದಕ್ಕುತ್ತದೆ, ಹೆಚ್ಚಾದರೆ ದೇವರೇ ಗತಿ.

ಅಂಥ ನನ್ನನ್ನು ಮೇ ತಿಂಗಳಲ್ಲಿ ವಡೋದರಾದ ಅಲಕಾಪುರಿಗೆ ಊಟಕ್ಕೆ ಕರೆದರು. ಮಗಳು ಮೆಚ್ಚಿದ ಗುಜರಾತಿ ಹುಡುಗನ ಮನೆ. ಮದುವೆಯ ಮಾತು ಅಂದೇ ಒಂದು ದಡ ಮುಟ್ಟಬೇಕಿತ್ತು. ಪೂರಿಯ ಜೊತೆಗೆ ಬಟ್ಟಲು ತುಂಬ ಮಾವಿನ ರಸ ಬಂತು. ಇದನ್ನು ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗೆ ಆಗುತ್ತದೆಯೇ? ಮಗಳ ಮುಖ ನೋಡಿ ಹೆದರಿಕೆಯಾಯಿತು.

"ಒಂದು ಚಮಚ ತಿಂದು ಸುಮ್ಮನಿರಿ ಮಾರಾಯ್ರೆ," ಎಂದು ಹೆಂಡತಿ ಪಿಸುಗುಟ್ಟಿದಳು. ಆದರೆ ಉಡುಪಿ ಕಡೆಯ ನಮ್ಮ ಮನೆಯಲ್ಲಿ ಬಡಿಸಿದ್ದನ್ನು ಬಿಟ್ಟು ಏಳುವ ಹಾಗಿರಲಿಲ್ಲ. ಆ ಅಭ್ಯಾಸದಲ್ಲಿ ಕಣ್ಣುಮುಚ್ಚಿ ಬಟ್ಟಲು ಖಾಲಿ ಮಾಡಿದೆ. ಇಲ್ಲಿಯವರಿಗೆ ಖಾಲಿ ಬಟ್ಟಲೆಂದರೆ ಇನ್ನೂ ಬೇಕು ಎಂದರ್ಥ. ಹುಡುಗನ ತಾಯಿ ಮತ್ತೆ ತುಂಬಿದರು.

"ಒಣಶುಂಠಿ ಪುಡಿ, ತುಪ್ಪ ಹಾಕಿದ್ದೇನೆ ಭಾಯಿ, ಏನೂ ಆಗಲ್ಲ," ಅಂದರು ಹಿಂದಿಯಲ್ಲಿ.

ಮುಗಿಸಿದರೆ ಬಿಡುತ್ತಾರೆಂದು ಅದನ್ನೂ ಮುಗಿಸಿದೆ. ಬಟ್ಟಲು ಮತ್ತೆ ತುಂಬಿತು. ಬಿಡಬೇಕೋ ತಿನ್ನಬೇಕೋ ತಲೆಗೇ ಹೊಳೆಯಲಿಲ್ಲ. ಎದುರಿಗೆ ಹುಡುಗನ ತಂದೆಯೂ ನನ್ನ ಸರಿಸಮಕ್ಕೆ ತಿನ್ನುತ್ತಿದ್ದರು. ಏನು ಹೊಟ್ಟೆಯಪ್ಪಾ ಇದು ಎಂದು ಅವರ ಮೇಲೆ ಸಿಟ್ಟೇ ಬಂತು.

ಕೊನೆಗೆ ಕೈತೊಳೆಯುವ ನೆಪದಲ್ಲಿ ಎದ್ದು ಟಾಯ್ಲೆಟ್ಟಿನ ಕಡೆ ಓಡಿದೆ. ಹುಡುಗನ ತಂದೆಯೂ ಹಿಂದಿನಿಂದಲೇ ಧಾವಿಸಿ ಬಂದರು. ಇಬ್ಬರ ಕೈಯೂ ಒಟ್ಟಿಗೆ ಚಿಲಕದ ಮೇಲೆ ಬಿತ್ತು. ಅವರ ಹಣೆ ಬೆವತಿತ್ತು.

"ನನಗೂ ಮಾವು ಆಗಲ್ಲ," ಅಂದರು ತಗ್ಗಿದ ದನಿಯಲ್ಲಿ. "ಅತಿಥಿ ತಿನ್ನುವಾಗ ಮನೆಯ ಯಜಮಾನ ಕೈಕಟ್ಟಿ ಕೂರೋಕಾಗುತ್ತಾ? ನೀವು ನಿಲ್ಲಿಸಲೇ ಇಲ್ಲ!"

"ನೀವು ಬಡಿಸೋದು ನಿಲ್ಲಿಸಲಿಲ್ಲವಲ್ಲ!" ಅಂದೆ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ಹೊಟ್ಟೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು.

"ಮೊದಲು ನೀವು ಹೋಗಿ, ವೇವಾಯಿ."

ಗುಜರಾತಿಯಲ್ಲಿ ವೇವಾಯಿ ಎಂದರೆ ಬೀಗರು. ಮಗಳ ಮದುವೆ ನಿಶ್ಚಯವಾಗಿತ್ತು. ಅವರ ಕೈಹಿಡಿದು ಒಂದು ಮಾತಾಡಲೂ ಪುರುಸೊತ್ತಿಲ್ಲದೆ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡೆ.