ಉಚ್ಚಂಗೆಮ್ಮ ಹಿಂದಕ್ಕೆ ಪಡೆದ ಸಾಕ್ಷಿ

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಉಚ್ಚಂಗೆಮ್ಮ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು. ಗಂಡ ತೀರಿಕೊಂಡ ವರ್ಷ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು, ಹೆಸರು ಬದಲಿಸಲಿಲ್ಲ. "ಹೆಸರು ದೇವಿದು, ಹೋಗೋದು ಚರ್ಚಿಗೆ?" ಎಂದು ಕೆಣಕಿದವರಿಗೆ, "ಹೆಸರಿಟ್ಟಾಕಿ ನಮ್ಮವ್ವ. ಮ್ಯಾಲೆ ಅದಾಳ, ಹೋಗಿ ಕೇಳ್ರಿ" ಎನ್ನುತ್ತಿದ್ದರು. ಒಬ್ಬಳೇ ಮಗಳು ಭವ್ಯ. ಬಿ.ಕಾಂ. ಓದುತ್ತಿದ್ದಾಗ ಆಕೆಯ ಎರಡೂ ಮೂತ್ರಪಿಂಡಗಳು ಕೆಟ್ಟವು.

ಮಂಗಳವಾರ, ಶುಕ್ರವಾರ ತಾಯಿ ಮಗಳು ಡಯಾಲಿಸಿಸ್ಸಿಗೆಂದು ಹೊಸಪೇಟೆಗೆ ಬರುತ್ತಿದ್ದರು. ನನ್ನ ಹೆಂಡತಿಗೂ ಅದೇ ಸರದಿ, ಪರಿಚಯವಾದದ್ದು ಹಾಗೆ. ಇಲ್ಲಿ ಬರೆದಿರುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಕೊನೆಯ ಭಾಗ ಮಾತ್ರ. ಉಳಿದದ್ದನ್ನು ಉಚ್ಚಂಗೆಮ್ಮನವರೇ ಹೇಳಿದರು. ಭವ್ಯ ಅಲ್ಲಲ್ಲಿ ತಿದ್ದಿದಳು.

ಈ ರೋಗಿಗಳು ನೀರನ್ನು ಅಳೆದು ಕುಡಿಯಬೇಕು. ಹೊರಗೆ ಹೋಗದ ನೀರು ಮೈಯಲ್ಲೇ ನಿಂತು ಕಡೆಗೆ ಶ್ವಾಸಕೋಶ ಸೇರುತ್ತದೆ. ಎಳನೀರು, ಬಾಳೆಹಣ್ಣು ಇನ್ನೂ ಅಪಾಯ. ಅವುಗಳಲ್ಲಿನ ಪೊಟ್ಯಾಶಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ವಡ್ಡುವಿನ ಏಪ್ರಿಲ್ ಬಿಸಿಲಿನಲ್ಲಿ ಭವ್ಯ ಐಸಿನ ತುಂಡೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು ಮಧ್ಯಾಹ್ನ ಕಳೆಯುತ್ತಿದ್ದಳು.

ಉಚ್ಚಂಗೆಮ್ಮನವರ ಚರ್ಚಿನ ಸಭೆ ಸೇರುವುದು ತಗಡಿನ ಛಾವಣಿಯ ಕೋಣೆಯಲ್ಲಿ. ಭಾನುವಾರ ಹಾಡು ಮುಗಿದ ಮೇಲೆ ಸಾಕ್ಷಿಯ ಸಮಯ: ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು. ಒಳ್ಳೆಯ ಪದ್ಧತಿ. ಆದರೆ ಈಸ್ಟರಿನ ಮರುವಾರ ಬಂದ ಹೊರಗಿನ ಬೋಧಕನೊಬ್ಬ, ಗುಣವಾಗುವ ಮೊದಲೇ ಗುಣವಾಯಿತೆಂದು ಸಾಕ್ಷಿ ಹೇಳಬೇಕು, ಆಮೇಲೂ ಆಸ್ಪತ್ರೆಗೆ ಹೋದರೆ ದೇವರನ್ನು ಸುಳ್ಳುಗಾರನೆಂದಂತೆ ಎಂದು ಬೋಧಿಸಿದ. ಮುಗಿಯದ ಕೆಲಸ ಮುಗಿದಿದೆಯೆಂದು ರುಜು ಹಾಕಲು ನಾವು ಯಾರಾದರೂ ಒಪ್ಪುತ್ತೇವೆಯೇ? ದೇವರ ಹೆಸರಿನಲ್ಲಿ ಕೇಳಿದ್ದಕ್ಕೆ ಎಲ್ಲರೂ ಒಪ್ಪಿದರು. ಸಭಾಪಾಲಕ ಜಂಬಪ್ಪನವರೂ ಸುಮ್ಮನಿದ್ದರು. ಭವ್ಯ ಎದ್ದು, "ನಾನು ಗುಣ ಆಗೀನಿ" ಎಂದಳು.

ಜನ ಅತ್ತರು, ಚಪ್ಪಾಳೆ ತಟ್ಟಿದರು; ಬೋಧಕನ ಜೊತೆ ಬಂದವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ಸಭೆಯ ಹಿರಿಯ ಹೆಂಗಸು ಚಂದ್ರಕಲಾ ಒಂದು ಚೊಂಬು ನೀರು ತಂದು ಕೈಗಿಟ್ಟರು. "ಕುಡಿಯವ್ವಾ, ಹೆದರಬ್ಯಾಡ." ಭವ್ಯ ಅಷ್ಟನ್ನೂ ಕುಡಿದಳು. ಆ ನೀರಿನ ರುಚಿಯನ್ನು ಇಂದಿಗೂ ಮರೆತಿಲ್ಲವಂತೆ. ಸಂಜೆ ಎಳನೀರು ಬಂತು, ಮರುದಿನ ಬಾಳೆಹಣ್ಣು. ಎಲ್ಲವೂ ಪ್ರೀತಿಯಿಂದಲೇ ಬಂದವು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮಂಗಳವಾರ ಮಗಳು ಆಸ್ಪತ್ರೆಗೆ ಹೊರಡಲಿಲ್ಲ. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

"ಎಲ್ಲರ ಮುಂದ ಹೇಳೀನವ್ವಾ. ಈಗ ಹೋದ್ರ ಊರು ನಗತೈತಿ. ನಿಮ್ಮ ಯೇಸಪ್ಪ ಎಲ್ಲಿ ಹೋದ ಅಂತಾರ."

"ನಗಲಿ ಬಿಡವ್ವಾ. ಅವರು ನಕ್ಕರ ನೀನೇನು ಸಾಯಂಗಿಲ್ಲ."

"ನಿನಗ ನಂಬಿಕಿ ಇಲ್ಲ."

ತಮ್ಮ ನಂಬಿಕೆ ಸಾಲದ್ದಕ್ಕೇ ಮಗಳು ಗುಣವಾಗುತ್ತಿಲ್ಲವೇನೋ ಎಂಬ ಭಯ ತಾಯಿಯನ್ನು ಮೊದಲೇ ಹಿಡಿದಿತ್ತು. ಉಪವಾಸವಿದ್ದು ಪ್ರಾರ್ಥಿಸಿದರು. ಶುಕ್ರವಾರದ ವೇಳೆಗೆ ಭವ್ಯಳಿಗೆ ಮಲಗಲೂ ಆಗುತ್ತಿರಲಿಲ್ಲ; ಗೋಡೆಗೊರಗಿ ಕುಳಿತು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಆಸ್ಪತ್ರೆ ಎಂದರೆ ತಲೆಯಾಡಿಸುತ್ತಿದ್ದಳು. ಪ್ರಾರ್ಥಿಸಲು ಹೋದರೆ ಉಚ್ಚಂಗೆಮ್ಮನವರಿಗೆ ಒಂದು ಮಾತೂ ಹೊರಡಲಿಲ್ಲ. ಅಷ್ಟು ಬರಿದಾಗಿದ್ದರು.

ಅಂದು ಬೆಳಿಗ್ಗೆ ಸಭೆಯವರು ಹಾಡಲೆಂದು ಮನೆಗೇ ಬಂದಿದ್ದರು. ಚಂದ್ರಕಲಾ ಹಾಡು ಎತ್ತಿಕೊಂಡರು. ನಡುವೆಯೇ ಉಚ್ಚಂಗೆಮ್ಮ ಎದ್ದು, ಸಾಕ್ಷಿ ಹೇಳುವವರಂತೆ ಸೆರಗನ್ನು ತಲೆಗೆ ಹೊದ್ದು ನಿಂತರು.

"ನಾನೊಂದು ಸಾಕ್ಷಿ ಹೇಳ್ತೀನ್ರಿ. ನನ್ನ ಮಗಳು ಗುಣ ಆಗಿಲ್ಲ. ಗುಣ ಮಾಡೀನಿ ಅಂತ ದೇವ್ರು ನನಗ ಹೇಳಿಲ್ಲ, ಆಕಿಗೂ ಹೇಳಿಲ್ಲ. ನಾವ ಆತನ ಬಾಯಾಗ ಮಾತು ತುರುಕೀವಿ. ಆ ಸಾಕ್ಷಿ ನಾ ಹಿಂದಕ್ಕ ತಗೊಂಡೀನಿ."

"ನಿರೀಕ್ಷೆ ಬಿಡಬ್ಯಾಡ ಅಕ್ಕಾ" ಎಂದರು ಚಂದ್ರಕಲಾ.

"ಬಿಟ್ಟಿದ್ರ ನಿಮ್ಮ ಜೋಡಿ ಹಾಡಿಕೋಂತ ಕುಂದರತಿದ್ದೆ. ಬಿಟ್ಟಿಲ್ಲ, ಅದಕ್ಕ ಆಟೋ ಕರೀರಿ ಅನ್ನಾಕತ್ತೀನಿ. ಜಲ್ದಿ ಕರೀರಿ!"

ಕಡೆಗೆ ಎದ್ದವರು ಜಂಬಪ್ಪ. ಭವ್ಯಳ ಹೆಗಲು ಹಿಡಿದರು. "ನಡಿಯವ್ವಾ. ದೇವ್ರ ಮಾನ ದೇವ್ರು ನೋಡ್ಕೊಂತಾನ." ಸಾಕ್ಷಿ ಮುರಿದ ಅವಮಾನವನ್ನು ಅವ್ವನೇ ಎಲ್ಲರೆದುರು ತನ್ನ ಮೇಲೆ ಎಳೆದುಕೊಂಡಿದ್ದಳು, ಮಗಳು ಮತ್ತೆ ತಲೆಯಾಡಿಸಲಿಲ್ಲ.

ನಾನು ಕಂಡದ್ದು ಇಲ್ಲಿಂದ. ಭವ್ಯಳನ್ನು ಎತ್ತಿಕೊಂಡು ತಂದರು, ತುಟಿ ನೀಲಿಗಟ್ಟಿತ್ತು. ವೈದ್ಯರು ತಾಯಿಯನ್ನು ಗದರಿದರು. ಆಕೆ ಹೊರಗೆ ನೆಲದ ಮೇಲೆ ಕುಳಿತರು. ಒಳಗಿನಿಂದ ಸುದ್ದಿಯಿಲ್ಲ. ಬಹಳ ಹೊತ್ತಾದ ಮೇಲೆ ಅವರ ಬಾಯಿಂದ ಪ್ರಾರ್ಥನೆ ಹೊರಟಿತು: "ಯಪ್ಪಾ, ಇವತ್ತಿಂದು ಇವತ್ತಿಗೆ."

ಭವ್ಯ ಬದುಕಿದ್ದಾಳೆ; ಗುಣವಾಗಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಮೂತ್ರಪಿಂಡ ಕಸಿಗೆ ಬರುವುದಿಲ್ಲ. ಬೇರೆ ದಾನಿ ಸಿಕ್ಕಿಲ್ಲ. ಆದರೆ ಭವ್ಯ ಗುಣವಾದಳೆಂಬ ಸಾಕ್ಷಿಯ ವಿಡಿಯೊ ಮೊಬೈಲುಗಳಲ್ಲಿ ಇನ್ನೂ ಓಡಾಡುತ್ತಿದೆ. ತೆಗೆದುಹಾಕಿ ಎಂದು ಬೋಧಕನಿಗೆ ಬರೆದೆ, ಉತ್ತರವಿಲ್ಲ.

ಪ್ರತಿ ಭಾನುವಾರ ಸಾಕ್ಷಿಯ ಸಮಯದಲ್ಲಿ ಉಚ್ಚಂಗೆಮ್ಮ ಎದ್ದು ನಿಲ್ಲುತ್ತಾರೆ. "ಗುಣ ಆಗಿಲ್ರಿ. ಕಾಯಾಕತ್ತೀವಿ" ಎಂದು ಹೇಳಿ ಕುಳಿತುಕೊಳ್ಳುತ್ತಾರೆ. ಸಭೆ ಸುಮ್ಮನಿರುತ್ತದೆ. ಭವ್ಯ ಬರಲು ಶಕ್ತಳಾದ ವಾರ ಮಾತ್ರ ಹಿಂದಿನ ಸಾಲಿನಿಂದ ಒಂದು "ಆಮೆನ್" ಕೇಳಿಸುತ್ತದೆ.