ಫ್ಯಾಕ್ಸಿಗೆ ನಮಸ್ಕಾರ ಹೇಳಿದ್ದು

ಸರಿಯಾಗಿ ಹೇಳಲು ಬರುವುದಿಲ್ಲ, ಕ್ಷಮಿಸಿ. ನಾನು ಮೈಸೂರಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿದ್ದೇನೆ. ಕೆಸರೆಯ ಸಾಕಮ್ಮನವರ ಯಜಮಾನರ ಹಳೇ ರಿಪೋರ್ಟು ಬೇರೆ ಆಸ್ಪತ್ರೆಯಿಂದ ಫ್ಯಾಕ್ಸಿನಲ್ಲಿ ಬರಬೇಕಿತ್ತು. ಹನ್ನೆರಡರೊಳಗೆ ಬರದಿದ್ದರೆ ಅವತ್ತು ಆಪರೇಷನ್ ಇಲ್ಲ. ನಮ್ಮಲ್ಲಿ ಫೋನಿಗೂ ಫ್ಯಾಕ್ಸಿಗೂ ಒಂದೇ ಲೈನು. ಅಂದರೆ, ರಿಂಗಾದಾಗಲೆಲ್ಲ ನಾನು ಅಭ್ಯಾಸದಂತೆ ರಿಸೀವರ್ ಎತ್ತಿ, "ನಮಸ್ಕಾರ, ಹೇಳಿ" ಎಂದೆ. ಆ ಕಡೆ ಬರೀ ಕುಂಯ್ ಕುಂಯ್. ಯಾರದೋ ತಮಾಷೆಯೆಂದು ಇಟ್ಟುಬಿಟ್ಟೆ. ಮೂರು ಸಲ.

"ಮಿಷಿನ್ನು ಮಿಷಿನ್ನನ್ನ ಕರೀತಾ ಅದೆ ಕಣಪ್ಪ! ನಾನು ಕಸ ಗುಡಿಸ್ತಿದ್ದ ಆಫೀಸಲ್ಲೂ ಇಂಗೇ ಕೂಗೋದು. ನೀನ್ಯಾಕೆ ಮಧ್ಯ ಬಾಯಿ ಹಾಕ್ತೀಯ, ಬುಟ್ಬುಡು" ಎಂದರು ಕೌಂಟರಿನೆದುರೇ ಕಾಯುತ್ತಿದ್ದ ಸಾಕಮ್ಮ.

ನಾಲ್ಕನೇ ಸಲ ಕೈಕಟ್ಟಿ ನಿಂತೆ. ಯಂತ್ರ ತಾನೇ ಎತ್ತಿಕೊಂಡಿತು, ಹನ್ನೆರಡರೊಳಗೇ ರಿಪೋರ್ಟು ಬಂತು. ಆಗುವುದು ಏನೆಂದರೆ, ನಮ್ಮ ಯಂತ್ರ ಕೀ ಎಂದು ಓಗೊಡುತ್ತದೆ, ಎಷ್ಟು ವೇಗದಲ್ಲಿ ಕಳಿಸುವುದೆಂದು ಎರಡೂ ಒಪ್ಪಿಕೊಳ್ಳುತ್ತವೆ, ಆಮೇಲೆ ಪುಟದ ಒಂದೊಂದೇ ಗೆರೆಯನ್ನು ಶಬ್ದ ಮಾಡಿ... ಇರಿ, ಸಿಸ್ಟರ್ ಕೂಗುತ್ತಿದ್ದಾರೆ:

"ಫೋನ್ ರಿಂಗಾಗ್ತಿದೆ, ಎತ್ಲಾ ಬೇಡ್ವಾ, ಬಂದು ಹೇಳ್ರೀ!"